ಮಹಾಪಧಮನಿಯ ಉಬ್ಬು: ಒಡೆಯುವ ಮುನ್ನ ತಿಳಿಯಿರಿ



ತುಂಗಭದ್ರಾ ಕೆಳಮಟ್ಟದ ಕಾಲುವೆಯ ನೀರು ಕಂಡಿರುವ ಆದವಾನಿ, ಎಮ್ಮಿಗನೂರು ಕಡೆಯ ರೈತರಿಗೆ ಏರಿ ಹೇಗೆ ಒಡೆಯುತ್ತದೆಂದು ಹೇಳಿಕೊಡಬೇಕಾಗಿಲ್ಲ. ಸಡಿಲವಾದ ಜಾಗವನ್ನು ಮೊದಲೇ ಕಂಡು ಭದ್ರಪಡಿಸಿದರೆ ಪೈರು ಉಳಿಯುತ್ತದೆ. ನಮ್ಮ ದೇಹದ ರಕ್ತನಾಳದ ಮಾತೂ ಹೀಗೆಯೇ.

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವೇ ಮಹಾಪಧಮನಿ. ಹೊಟ್ಟೆಯ ಭಾಗದಲ್ಲಿ ಅದರ ಅಗಲ ಸುಮಾರು 2 ಸೆಂಟಿಮೀಟರ್. ಗೋಡೆ ದುರ್ಬಲವಾಗಿ 3 ಸೆಂಟಿಮೀಟರ್ ಅಥವಾ ಅದಕ್ಕೂ ಹೆಚ್ಚು ಹಿಗ್ಗಿದರೆ ವೈದ್ಯರು ಅದನ್ನು ‘ಅನ್ಯೂರಿಸಂ’ ಎನ್ನುತ್ತಾರೆ. ಬಹುಪಾಲು ಇದು ವರ್ಷಗಟ್ಟಲೆ ನೋವು ಕೊಡದೆ ಬೆಳೆಯುತ್ತದೆ. ಅಪಾಯವಿರುವುದು ಇಲ್ಲಿಯೇ.

ಯಾರು ಎಚ್ಚರದಿಂದಿರಬೇಕು?

65 ವರ್ಷ ದಾಟಿದ ಗಂಡಸರು, ಅದರಲ್ಲೂ ಬೀಡಿ, ಸಿಗರೇಟು ಸೇದುವವರು ಅಥವಾ ಹಿಂದೆ ಸೇದಿದವರು, ರಕ್ತದೊತ್ತಡ ಉಳ್ಳವರು, ತಂದೆತಾಯಿಗೋ ಒಡಹುಟ್ಟಿದವರಿಗೋ ಈ ತೊಂದರೆ ಇದ್ದವರು. ಹೆಂಗಸರಲ್ಲಿ ಇದು ಕಡಿಮೆ. ಆದರೆ ಬಂದರೆ ಬೇಗ ಒಡೆಯುವ ಸಂಭವ ಹೆಚ್ಚು.

ಪತ್ತೆ ಹೇಗೆ?

ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಒಂದೇ ಸಾಕು. ಸೂಜಿಯಿಲ್ಲ, ನೋವಿಲ್ಲ, ಕೆಲವೇ ನಿಮಿಷಗಳ ಕೆಲಸ.

ಚಿಕಿತ್ಸೆ ಏನು?

ಉಬ್ಬು ಚಿಕ್ಕದಿದ್ದರೆ ಹೆದರಬೇಕಾಗಿಲ್ಲ. ಬೀಡಿ ಬಿಟ್ಟು, ರಕ್ತದೊತ್ತಡದ ಮಾತ್ರೆ ತಪ್ಪಿಸದೆ, ವೈದ್ಯರು ಹೇಳಿದ ಅವಧಿಗೊಮ್ಮೆ ಅಳತೆ ಮಾಡಿಸಿಕೊಳ್ಳಿರಿ. ಗಂಡಸರಲ್ಲಿ 5.5, ಹೆಂಗಸರಲ್ಲಿ 5 ಸೆಂಟಿಮೀಟರ್ ಮುಟ್ಟಿದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಗೆ ಸೂಚಿಸುತ್ತಾರೆ. ಹೊಟ್ಟೆ ತೆರೆದು ಬಟ್ಟೆಯ ಕೊಳವೆ ಹೊಲಿಯುವುದು ಒಂದು ಕ್ರಮ. ತೊಡೆಸಂದಿಯ ರಕ್ತನಾಳದ ಮೂಲಕ ಕೊಳವೆ ತೂರಿಸಿ ಕೂರಿಸುವುದು ಇನ್ನೊಂದು. ಹೈದರಾಬಾದಿನ ನಿಮ್ಸ್‌ನಂತಹ, ರಕ್ತನಾಳ ಶಸ್ತ್ರಚಿಕಿತ್ಸೆಯ ವಿಭಾಗವಿರುವ ಆಸ್ಪತ್ರೆಗೆ ಹೋಗಬೇಕಾಗುತ್ತದೆ.

ವಿಜ್ಞಾನಿ ಐನ್‌ಸ್ಟೈನ್ ಅವರಿಗೂ ಇದೇ ರೋಗವಿತ್ತು. 1948ರಲ್ಲಿ ಡಾಕ್ಟರ್ ರುಡಾಲ್ಫ್ ನಿಸೆನ್ ಆ ಉಬ್ಬಿಗೆ ಸೆಲೋಫೇನ್ ಹಾಳೆ ಸುತ್ತಿದರು. 1955ರ ಏಪ್ರಿಲ್‌ನಲ್ಲಿ ಅದು ಒಡೆದು ಅವರು ತೀರಿಕೊಂಡರು. ಅಂದು ಇಲ್ಲದಿದ್ದ ಅನುಕೂಲ ಇಂದು ನಮಗುಂಟು.

ಇದನ್ನು ಮರೆಯಬೇಡಿರಿ

ಹೊಟ್ಟೆಯಲ್ಲೋ ಬೆನ್ನಿನಲ್ಲೋ ಹಠಾತ್ತನೆ ತೀವ್ರ ನೋವು, ತಣ್ಣನೆಯ ಬೆವರು, ತಲೆಸುತ್ತು ಬಂದರೆ ‘ಕಬ್ಬು ಕಡಿದು ಸೊಂಟ ಹಿಡಿದಿದೆ’ ಎಂದು ಎಣ್ಣೆ ತಿಕ್ಕಿಸಿಕೊಂಡು ಮಲಗಬೇಡಿರಿ. ಹೊಟ್ಟೆ ನೀವಿಸಬೇಡಿರಿ. ಕೂಡಲೇ 108ಕ್ಕೆ ಫೋನು ಮಾಡಿರಿ. ಒಡೆದ ಮೇಲೆ ಬಹಳ ಮಂದಿ ಆಸ್ಪತ್ರೆ ಮುಟ್ಟುವುದೇ ಇಲ್ಲ.

ಮನೆಯಲ್ಲಿ ಬೀಡಿ ಸೇದಿದ ಹಿರಿಯರಿದ್ದರೆ, ಮುಂದಿನ ಸಲ ಆದವಾನಿಗೆ ಹೋಗುವಾಗ ಅವರನ್ನೂ ಕರೆದೊಯ್ದು ವೈದ್ಯರನ್ನು ಕೇಳಿ ಒಮ್ಮೆ ಸ್ಕ್ಯಾನಿಂಗ್ ಮಾಡಿಸಿರಿ.