ಗೆಜ್ಜೆಯ ಲಕ್ಷ್ಮಿ, ಪದಕದ ಹೆಬ್ಬೆಟ್ಟು

ಒಡವೆಯ ಮೇಲೆ ಹೆಸರು ಕೆತ್ತಿಸಿ ಉಡುಗೊರೆ ಕೊಡಬೇಕೆಂದು ಯಾರಾದರೂ ಸಲಹೆ ಕೇಳಿದರೆ, ಎಷ್ಟು ದುಡ್ಡಿಟ್ಟುಕೊಂಡಿದ್ದೀರಿ ಎಂದು ನಾನು ಕೇಳುವುದಿಲ್ಲ. ಒಡವೆ ಕೈಗೋ, ಕೊರಳಿಗೋ, ಕಾಲಿಗೋ ಎಂದು ಕೇಳುತ್ತೇನೆ. ನಮ್ಮಲ್ಲಿ ಅರ್ಧಕ್ಕರ್ಧ ಹೆಸರು ದೇವರವು. ನಮ್ಮ ನೆಂಟರ ಹುಡುಗನೊಬ್ಬ ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಬೆಳ್ಳಿ ಗೆಜ್ಜೆ ಮಾಡಿಸಿ, ಅದರಲ್ಲೊಂದು ಪುಟ್ಟ ತಗಡು ಕೂರಿಸಿ, ಅವಳ ಹೆಸರು ಲಕ್ಷ್ಮಿ ಎಂದು ಕೆತ್ತಿಸಿ ತಂದ. ಅವನ ಅಜ್ಜಿ ಕನ್ನಡಕ ಏರಿಸಿ ಓದಿದವರೇ, "ಲಕ್ಷ್ಮೀನ ಕಾಲಿಗೆ ಕಟ್ತ್ಯನೋ ಮಾಣಿ?" ಎಂದರು. ಆ ತಗಡು ಮರುದಿನವೇ ಅಂಗಡಿಗೆ ವಾಪಸು ಹೋಯಿತು. ಹುಡುಗನಿಗೆ ಇದು ಮೂಢನಂಬಿಕೆ ಅನ್ನಿಸಿತು, ನನಗೂ ಸ್ವಲ್ಪ ಹಾಗೇ ಅನ್ನಿಸಿತು. ಆದರೆ ತೊಡಬೇಕಾದವಳಿಗೆ ಅಳುಕಿದ್ದರೆ ಒಡವೆ ಪೆಟ್ಟಿಗೆ ಬಿಟ್ಟು ಹೊರಬರುವುದಿಲ್ಲ. ಪೆಟ್ಟಿಗೆಯಲ್ಲೇ ಇರುವ ಒಡವೆ ಆಸ್ತಿಯಾಗುತ್ತದೆಯೇ ಹೊರತು ನೆನಪಾಗುವುದಿಲ್ಲ.

ಶಿರಸಿಯ ನಮ್ಮ ಬಳಗದಲ್ಲಿ ಮದುವೆ, ಉಪನಯನ, ತೊಟ್ಟಿಲು ಶಾಸ್ತ್ರ ಎಂದರೆ ಒಡವೆ ಆರಿಸುವ ಕೆಲಸ ಹೇಗೋ ನನ್ನ ತಲೆಗೇ ಬರುತ್ತದೆ. ಹಾಗಾಗಿ ಕೊಟ್ಟ ಒಡವೆ ಆಮೇಲೆ ಏನಾಯಿತೆಂದು ನೋಡುವ ಅವಕಾಶವೂ ನನಗೆ ಸಿಕ್ಕಿದೆ. ಉಂಗುರದ ಮುಖದ ಮೇಲೆ ಕೆತ್ತಿದ ಹೆಸರು ಫೋಟೊದಲ್ಲಿ ಚೆಂದ. ಕೈಯಲ್ಲಿ ಕಲಸಿ ಉಣ್ಣುವವರಿಗೆ ಹುಳಿಯ ಅರಿಶಿನ, ತುಪ್ಪದ ಜಿಡ್ಡು ಎಲ್ಲ ಅಕ್ಷರದ ಸಂದಿಯಲ್ಲಿ ಕೂತುಬಿಡುತ್ತದೆ. 22 ಕ್ಯಾರೆಟ್ ಚಿನ್ನ ಮೆತ್ತಗೆ. ದಿನಾ ಪಾತ್ರೆ ತಿಕ್ಕುವ ಕೈಯಲ್ಲಿ ತೆಳುಗೆರೆ ಸವೆದೂ ಹೋಗುತ್ತದೆ. ಉಂಗುರದ ಒಳಬದಿಗೆ ಕೆತ್ತಿಸಿದರೆ ಈ ಎರಡೂ ತಾಪತ್ರಯ ಕಡಿಮೆ. ಯಾರ ಹೆಸರಿದೆ ಎನ್ನುವುದು ತೊಟ್ಟವರಿಗೆ ಮಾತ್ರ ಗೊತ್ತಿರುತ್ತದೆ, ಅದೂ ಒಂದು ಸುಖ. (ಗಂಡನ ಹೆಸರನ್ನು ಒಡಪಿನಲ್ಲಿ ಬಿಟ್ಟು ಬಾಯಿಬಿಟ್ಟು ಹೇಳದ ಅಜ್ಜಿಯರ ಮೊಮ್ಮಕ್ಕಳು ಈಗ ಅದನ್ನು ಕೊರಳಲ್ಲೇ ತೂಗುಹಾಕಿಕೊಂಡು ಓಡಾಡುತ್ತಾರೆ. ಇರಲಿ.)

ಕೂಸಿಗೆ ಉಂಗುರ ಬೇಡವೇ ಬೇಡ, ವರ್ಷದೊಳಗೆ ಬೆರಳಿಗೆ ಹಿಡಿಯುವುದಿಲ್ಲ. ಚಿನ್ನದ ಲೇಪ ಕೊಟ್ಟ ಬೆಳ್ಳಿಯಾದರೆ ಮೊದಲು ಕೆತ್ತಿಸಿ ಆಮೇಲೆ ಲೇಪ ಹಾಕಿಸಬೇಕು, ಇಲ್ಲದಿದ್ದರೆ ಅಕ್ಷರದ ಜಾಗದಲ್ಲಿ ಬೆಳ್ಳಿ ಇಣುಕುತ್ತದೆ. ಹುಟ್ಟಿದ ತಿಂಗಳಿಗೊಂದು ಕಲ್ಲು ಎಂಬ ಪದ್ಧತಿ ಈಗ ನಮ್ಮ ಅಂಗಡಿಗಳಿಗೂ ಬಂದಿದೆ. ಆ ಪಟ್ಟಿಯನ್ನು ಈಗಿನ ರೂಪಕ್ಕೆ ತಂದವರು 1912ರಲ್ಲಿ ಅಮೆರಿಕದ ಆಭರಣ ವ್ಯಾಪಾರಿಗಳ ಸಂಘದವರು. ಅದರಂತೆ ಸೆಪ್ಟೆಂಬರಿನಲ್ಲಿ ಹುಟ್ಟಿದವರಿಗೆ ನೀಲ. ನಮ್ಮ ಕಡೆ ಜಾತಕ ತೋರಿಸದೆ ನೀಲ ತೊಡುವ ಧೈರ್ಯ ಎಷ್ಟು ಜನಕ್ಕಿದೆ? ಕೇಳಿಯೇ ಕೊಡಿ.

ಕನ್ನಡ ಅಕ್ಷರದ ವಿಷಯಕ್ಕೆ ಬರುತ್ತೇನೆ. ಲೇಸರ್ ಯಂತ್ರ ಬಂದ ಮೇಲೆ ಕೆತ್ತನೆ ಕೆಲವೇ ನಿಮಿಷದ ಕೆಲಸ. ಆದರೆ ಆ ಯಂತ್ರದ ಜೊತೆಗೆ ಬರುವ ಎಷ್ಟೋ ಸಾಫ್ಟ್‌ವೇರ್‌ಗಳಿಗೆ ಒತ್ತಕ್ಷರ ಅರ್ಥವಾಗುವುದಿಲ್ಲ. ಪ್ರಜ್ಞಾ ಎಂದು ಬೆರಳಚ್ಚು ಮಾಡಿದರೆ ಪಕಾರ ಒಂದು ಕಡೆ, ರೇಫ ಒಂದು ಕಡೆ, ಞಕಾರ ಇನ್ನೆಲ್ಲೋ ಬಂದು ಬೀಳುತ್ತದೆ. ಅದಕ್ಕೇ ಹೆಚ್ಚಿನವರು "ಇಂಗ್ಲಿಷಿನಲ್ಲೇ ಹಾಕಿಬಿಡೋಣ ಅಕ್ಕಾ" ಎನ್ನುವುದು. ಒಪ್ಪಬೇಡಿ. ಬಿಳಿ ಹಾಳೆಯಲ್ಲಿ ಕರಿ ಶಾಯಿಯಿಂದ ಹೆಸರು ಬರೆದು, ಸ್ಕ್ಯಾನ್ ಮಾಡಿ ಚಿತ್ರವಾಗಿ ಕೊಟ್ಟರೆ ಯಂತ್ರ ತಕರಾರಿಲ್ಲದೆ ಕೆತ್ತುತ್ತದೆ. ಬರೆಯುವವರು ಕೊಡುವವರೇ ಆದರೆ ಇನ್ನೂ ಒಳ್ಳೆಯದು. ಅಪ್ಪನ ಸೊಟ್ಟ ಅಕ್ಷರದ ಮುಂದೆ ಕಂಪ್ಯೂಟರಿನ ಯಾವ ಚೆಂದದ ಅಕ್ಷರವೂ ನಿಲ್ಲುವುದಿಲ್ಲ. ಚಿನ್ನಕ್ಕೆ ಇಳಿಸುವ ಮೊದಲು ಅದೇ ಅಳತೆಯಲ್ಲಿ ಹಿತ್ತಾಳೆ ತಗಡಿನ ಮೇಲೆ ಒಮ್ಮೆ ಕೆತ್ತಿ ತೋರಿಸಲು ಹೇಳಿ.

ನನ್ನ ಅಜ್ಜಿಗೆ ಅಕ್ಷರವೇ ಬರುತ್ತಿರಲಿಲ್ಲ. ಅವಳು ಹೋದ ಮೇಲೆ ಅವಳ ಅವಲಕ್ಕಿ ಸರ ನನ್ನ ಆಯಿಗೆ, ಅಂದರೆ ಅಮ್ಮನಿಗೆ, ಬಂತು. ಆಯಿಗೆ ಮೊಮ್ಮಕ್ಕಳು ಮೂವರು, ಎಲ್ಲ ಹುಡುಗಿಯರು, ಸರ ಒಂದೇ. ಕರಗಿಸಿ ಮೂವರಿಗೂ ಬಳೆ ಮಾಡಿಸೋಣ ಎಂದು ಹೊರಟಿದ್ದಳು. ತಡೆದವರು ನಮ್ಮ ಅಕ್ಕಸಾಲಿ ಶೇಟರು. ಹಳೆಯ ಒಡವೆಯಲ್ಲಿ ಬೆಸುಗೆ ಹೆಚ್ಚು, ಕರಗಿಸಿ ಶುದ್ಧ ಮಾಡಿದರೆ ಕೈಗೆ ಬರುವ ತೂಕ ನೋಡಿ ಹೊಟ್ಟೆ ಉರಿಯುತ್ತದೆ, ಮೇಲಿಂದ ಹೊಸದಕ್ಕೆ ಮಜೂರಿ, ತೇಮಾನು ಬೇರೆ ಎಂದರು. "ಅವಲಕ್ಕಿ ಬಿಡಿ ಬಿಡಿಯಾಗೇ ಇದ್ಯಲ್ಲ ಅಮ್ಮ, ಪೋಣಿಸಿದ್ದನ್ನ ಬಿಚ್ಚಿದ್ರಾಯ್ತು" ಎಂಬ ಉಪಾಯವೂ ಅವರದೇ. ಅವಲಕ್ಕಿಯಂತೆ ತಟ್ಟಿದ ಆ ಚಪ್ಪಟೆ ಚೂರುಗಳನ್ನು ಮೂರು ಪಾಲು ಮಾಡಿ, ಕರಿಮಣಿಯ ನಡುವೆ ಪೋಣಿಸಿ, ಮೂರು ಸಣ್ಣ ಸರ ಮಾಡಿದರು. ಪ್ರತಿಯೊಂದಕ್ಕೂ ಒಂದೊಂದು ಪದಕ ಬೇಕಾಯಿತು. ಅದರ ಮೇಲೆ ಅಜ್ಜಿಯ ಗುರುತು ಏನು ಹಾಕಿಸುವುದು?

ಹೆಸರು ಹಾಕಿಸಬಹುದಿತ್ತು, ಆದರೆ ಆ ಹೆಸರನ್ನು ಅವಳು ಎಂದೂ ಬರೆದವಳಲ್ಲ. ಅವಳ ಸಹಿ ಎಂದು ಇದ್ದದ್ದು ಮನೆಯ ಪಾಲುಪಟ್ಟಿಯ ಕೊನೆಯಲ್ಲಿ ಒತ್ತಿದ ಹೆಬ್ಬೆಟ್ಟು. ಆಯಿ ಕಬ್ಬಿಣದ ಪೆಟ್ಟಿಗೆಯಿಂದ ಆ ಕಾಗದ ತೆಗೆದಳು. ಶಾಯಿ ಕೆಳಗಿನ ಅರ್ಧದಲ್ಲಿ ಹರಡಿತ್ತು, ಮೇಲಿನ ಅರ್ಧದಲ್ಲಿ ಗೆರೆಗಳು ಚೆನ್ನಾಗಿ ಮೂಡಿದ್ದವು. ಮೂಲ ಕಾಗದವನ್ನು ಯಾರ ಕೈಗೂ ಕೊಡದೆ ನಾನೇ ಸ್ಕ್ಯಾನ್ ಮಾಡಿಸಿ ತಂದೆ.

ಹೆಬ್ಬೆಟ್ಟನ್ನು ಪೂರ್ತಿ ಕುಗ್ಗಿಸಿ ಕಿರಿಬೆರಳ ಉಗುರಿನಷ್ಟು ಪದಕಕ್ಕೆ ಇಳಿಸಿದರೆ ಗೆರೆಗೆ ಗೆರೆ ಅಂಟಿ ಬರೀ ಕಪ್ಪು ಕಲೆ ಉಳಿಯುತ್ತದೆ. ಅದಕ್ಕೆ ಕುಗ್ಗಿಸದೆ, ಚೆನ್ನಾಗಿ ಮೂಡಿದ ಭಾಗವನ್ನಷ್ಟೇ ಇದ್ದ ಅಳತೆಯಲ್ಲೇ ತೆಗೆದುಕೊಳ್ಳುವುದೆಂದಾಯಿತು. ಪದಕ ತುಸು ದೊಡ್ಡದಾಯಿತು, ತೂಕವೂ 2 ಗ್ರಾಂ ದಾಟಿತು. ಅದರಿಂದ ಒಂದು ಅನುಕೂಲವೂ ಆಯಿತು: 2 ಗ್ರಾಂ ಒಳಗಿನ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ, ಅದರ ಮೇಲಿನದಕ್ಕೆ ಅಂಗಡಿಯವರು ಹಾಕಿಸಿಯೇ ಕೊಡಬೇಕು. 2023ರ ಏಪ್ರಿಲ್ 1ರಿಂದ ಅಂಗಡಿಯಲ್ಲಿ ಮಾರುವ ಇಂಥ ಒಡವೆಯ ಮೇಲೆ ಬಿಐಎಸ್ ಗುರುತು, 22 ಕ್ಯಾರೆಟ್ಟಿಗೆ 916 ಎಂಬ ಶುದ್ಧತೆಯ ಅಂಕಿ, ಅಕ್ಷರ ಅಂಕಿ ಬೆರೆತ ಆರು ಸ್ಥಾನದ ಎಚ್‌ಯುಐಡಿ ಸಂಖ್ಯೆ ಮೂರೂ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಒಡವೆ ಯಾವ ಬಗೆಯದು, ಶುದ್ಧತೆ ಎಷ್ಟು, ಎಲ್ಲಿ ಪರೀಕ್ಷೆಯಾಯಿತು ಎಲ್ಲ ಬರುತ್ತದೆ. ಕೆತ್ತನೆಯವರು ಈ ಗುರುತಿನ ಮೇಲೆ ಲೇಸರ್ ಓಡಿಸದಂತೆ ನೋಡಿಕೊಳ್ಳಬೇಕು. ಬಿಲ್ಲನ್ನೂ ಉಡುಗೊರೆಯ ಜೊತೆಗೇ ಕೊಡುವವಳು ನಾನು. ಬೆಲೆ ತೋರಿಸಿದಂತಾಗುತ್ತದೆ ಎಂದು ಕೆಲವರು ಮುಜುಗರಪಡುತ್ತಾರೆ. ಆದರೆ ನಾಳೆ ಆ ಹುಡುಗಿಗೆ ಕಷ್ಟ ಬಂದು ಬ್ಯಾಂಕಿನಲ್ಲಿ ಅಡವಿಡಬೇಕಾದರೆ ಅಜ್ಜಿಯ ಕಥೆಗೆ ಅಲ್ಲಿ ಕಿಮ್ಮತ್ತಿಲ್ಲ, 916ಕ್ಕೆ ಇದೆ.

ಹಿತ್ತಾಳೆ ತಗಡಿನ ಮೇಲೆ ಮಾದರಿ ಕೆತ್ತಿ ತೋರಿಸಿದರು. ಗೆರೆಗಳು ಎಷ್ಟು ಸ್ಪಷ್ಟವಾಗಿದ್ದವೆಂದರೆ ಎಲ್ಲರೂ ಭೇಷ್ ಎಂದರು. ಆಯಿ ಮಾತ್ರ ಬಹಳ ಹೊತ್ತು ನೋಡಿ, "ಇದು ಅಮ್ಮಂದಲ್ಲ" ಎಂದುಬಿಟ್ಟಳು. ಸ್ಕ್ಯಾನ್ ತೆಗೆದು ಹೋಲಿಸಿದೆವು. ಕಾಗದದ ಗುರುತಿನಲ್ಲಿ ಗೆರೆಗಳನ್ನು ಅಡ್ಡಡ್ಡ ಸೀಳುವ ಒಂದು ಬಿಳಿ ಗೀರು ಇತ್ತು. ಕೆತ್ತನೆಯ ಹುಡುಗ ಅದು ಕಾಗದದ ಮಡಿಕೆ ಎಂದುಕೊಂಡು ಕಂಪ್ಯೂಟರಿನಲ್ಲಿ ಗೆರೆ ಜೋಡಿಸಿ ಮುಚ್ಚಿದ್ದ. ಮಡಿಕೆಯಲ್ಲ, ಅದು ಮೆಟ್ಟುಗತ್ತಿಯ ಗಾಯ. ಅಡಿಕೆ ಸುಲಿದೂ ಸುಲಿದೂ ಹೆಬ್ಬೆರಳಿಗೆ ಆಳವಾಗಿ ತಾಗಿ, ಮಾಗಿದ ಮೇಲೂ ಕಲೆ ಉಳಿದಿತ್ತು. ಜಡೆ ಹೆಣೆಯುವಾಗ ಅದು ಕೂದಲಿಗೆ ಸಿಕ್ಕಿಕೊಳ್ಳುತ್ತಿದ್ದದ್ದು ಆಯಿಗೆ ನೆನಪಿತ್ತು. ಹುಡುಗ ಪಾಪ, ಮರುಮಾತಿಲ್ಲದೆ ಗೀರನ್ನು ವಾಪಸು ಹಾಕಿಕೊಟ್ಟ. ಅಂದಿನಿಂದ ಹಳೆಯ ಬರಹವೋ ಗುರುತೋ ಕೊಡುವಾಗ "ಏನನ್ನೂ ತಿದ್ದಬೇಡಿ" ಎಂದು ಆರ್ಡರ್ ಚೀಟಿಯ ಮೇಲೇ ಬರೆಸುತ್ತೇನೆ.

ಮೂವರಲ್ಲಿ ಇಬ್ಬರು ಆ ಸರವನ್ನು ದಿನಾ ತೊಡುತ್ತಾರೆ. ಬೆಂಗಳೂರಿನಲ್ಲಿರುವವಳು ಮೆಟ್ರೊದಲ್ಲಿ ಕಳೆದೀತೆಂದು ಹಬ್ಬಕ್ಕೆ ಮಾತ್ರ ತೆಗೆಯುತ್ತಾಳೆ. ಅವಳಿಷ್ಟ, ಕೊಟ್ಟ ಮೇಲೆ ಯಾಕೆ ತೊಟ್ಟಿಲ್ಲ ಎಂದು ಕೇಳುವ ಹಕ್ಕು ಕೊಟ್ಟವರಿಗಿಲ್ಲ.

ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಪಾಲುಪಟ್ಟಿಯ ತನಕ ಕಾಯಬೇಡಿ. ನುಣುಪಾದ ಬಿಳಿ ಹಾಳೆ, ಕಪ್ಪು ಇಂಕ್ ಪ್ಯಾಡ್ ತನ್ನಿ. ಬೆರಳು ಒದ್ದೆಯಿಲ್ಲದಂತೆ ಒರೆಸಿ, ಜಾರಿಸದೆ ಒತ್ತಿಸಿ. ಅಡಿಕೆ ಸುಲಿದ, ತೋಟದಲ್ಲಿ ದುಡಿದ ಬೆರಳುಗಳ ಗೆರೆ ಸವೆದಿರುತ್ತದೆ. ಒಂದು ಬೆರಳು ಮೂಡದಿದ್ದರೆ ಇನ್ನೊಂದನ್ನು ಒತ್ತಿಸಿ. ಆದರೆ ಇದು ಏತಕ್ಕೆಂದು ಮೊದಲು ಹಾಳೆಯ ಮೇಲೆ ಬರೆದು, ಅವರಿಗೆ ಓದಿ ಹೇಳಿ. ಖಾಲಿ ಹಾಳೆಗೆ ಹೆಬ್ಬೆಟ್ಟು ಕೇಳುವವರನ್ನು ನಮ್ಮ ಕಡೆಯ ಯಾವ ಮುದುಕಿಯೂ ನಂಬುವುದಿಲ್ಲ, ಮೊಮ್ಮಗಳಾದರೂ ಸರಿಯೇ.