ರಕ್ತದ ಮೇಲೆ ಎಲ್ಲವನ್ನೂ ಹೊರಿಸಬೇಡಿ

ಮಕ್ಕಳೇ, ನಮ್ಮ ಬರಗೂರು ಸೀಮೆಯಲ್ಲಿ ಹೆಣ್ಣು-ಗಂಡು ನೋಡಲು ಹೊರಟಾಗ ಕೆಲವು ಮಾತು ಕಿವಿಗೆ ಬೀಳುತ್ತವೆ. ಆ ಮನೆಯವರ ರಕ್ತದಲ್ಲೇ ಸಿಟ್ಟಿದೆ. ಅವರ ವಂಶದಲ್ಲಿ ಹುಚ್ಚಿದೆ. ನಮ್ಮ ಜನಕ್ಕೆ ಓದು ಹತ್ತಲ್ಲ. ಇವನ್ನು ಕೇಳಿದ ಕೂಡಲೇ ನಂಬಬೇಡಿ.

ಪಾವಗಡದ ಕಡೆ ಒಂದೇ ಮನೆಯ ಅಪ್ಪ, ಮಗ, ಮಗಳು ಮೂವರ ಹಲ್ಲಿನಲ್ಲೂ ಕಂದು ಕಲೆ ಕಾಣುವುದುಂಟು. ಅದು ವಂಶದ ಕಲೆಯಲ್ಲ, ಕೊಳವೆಬಾವಿಯದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಲ್ಲಿನ ಎಷ್ಟೋ ಬಾವಿಗಳಲ್ಲಿ ಅದು ದಾಟಿದೆ. ಒಂದೇ ನೀರು ಕುಡಿದವರಿಗೆ ಒಂದೇ ಕಲೆ. ಸಿಟ್ಟೂ ಹಾಗೆಯೇ ಹಂಚಿಹೋಗುತ್ತದೆ. ಅಪ್ಪ ಅವ್ವನ ಮೇಲೆ ಕೈಯೆತ್ತುವುದನ್ನು ದಿನಾ ಕಂಡ ಹುಡುಗನಿಗೆ ಅದು ಗಂಡಸಿನ ಲಕ್ಷಣವಾಗಿ ಕಾಣುತ್ತದೆ.

ಹಾಗಂತ ವಂಶವಾಹಿ ಸುಳ್ಳಲ್ಲ. ಒಬ್ಬರ ಸ್ವಭಾವಕ್ಕೂ ಇನ್ನೊಬ್ಬರದಕ್ಕೂ ಇರುವ ವ್ಯತ್ಯಾಸದಲ್ಲಿ ಹೆಚ್ಚುಕಡಿಮೆ ಅರ್ಧ ವಂಶವಾಹಿಯದೆಂದು ಅವಳಿಗಳ ಅಧ್ಯಯನಗಳು ತೋರಿಸಿವೆ. ಆದರೆ ಒಂದೇ ವಂಶವಾಹಿಯ ಅವಳಿಗಳಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಬಂದರೂ, ಅರ್ಧಕ್ಕಿಂತ ಹೆಚ್ಚು ಸಲ ಇನ್ನೊಬ್ಬರಿಗೆ ಬರುವುದಿಲ್ಲ. ಹುಟ್ಟೇ ಎಲ್ಲವನ್ನೂ ತೀರ್ಮಾನಿಸುವುದಾಗಿದ್ದರೆ ಇಬ್ಬರಿಗೂ ಬರಬೇಕಿತ್ತು.

ಪದ್ಧತಿ ರಕ್ತದೊಳಗೂ ಕೈಯಾಡಿಸುತ್ತದೆ ಎಂಬುದನ್ನು ನಮ್ಮವರು ಗಮನಿಸಿದ್ದು ಕಡಿಮೆ. ಹೊಲ ಹಂಚಿಹೋಗದಿರಲಿ, ಮಗಳು ಕಣ್ಣೆದುರೇ ಇರಲಿ ಎಂದು ಅಕ್ಕನ ಮಗಳನ್ನೇ ತಂದುಕೊಂಡೆವು. ಆ ಮದುವೆಯಲ್ಲಿ ಹುಟ್ಟುವ ಮಗುವಿಗೆ ಒಂದು ವಂಶವಾಹಿಯ ಎರಡು ಪ್ರತಿಗಳೂ ಒಬ್ಬರೇ ಹಿರಿಯರಿಂದ ಬರುವ ಸಂಭವ 8ರಲ್ಲಿ 1. ಸೋದರಮಾವನ ಮಗಳಾದರೆ 16ರಲ್ಲಿ 1. ತಲೆಮಾರುಗಳಿಂದ ಅಡಗಿದ್ದ ದೋಷ ಹೊರಬೀಳುವುದು, ಕೆಲವು ಮಕ್ಕಳ ಬುದ್ಧಿಯ ಬೆಳವಣಿಗೆ ಕುಂಟುವುದು ಹೀಗೆ. ಸೋದರಿಕೆ ಬಿಟ್ಟರೆ ಹಿರಿಯರಿಗೆ ನೋವಾಗುತ್ತದೆ, ನಿಜ. ಆದರೂ ಮನೆಯಲ್ಲಿ ಅಂಥ ಮಗು ಹುಟ್ಟಿದ್ದರೆ, ಲಗ್ನ ಕಟ್ಟಿಸುವ ಮುಂಚೆ ವೈದ್ಯರನ್ನು ಕೇಳಿ.

ಇನ್ನು ಓದು. ಹೆಬ್ಬೆಟ್ಟೊತ್ತಿದ ಅಜ್ಜಿಯ ಮೊಮ್ಮಗಳು ಇವತ್ತು ಶಿರಾ ಬಸ್ಸು ಹತ್ತಿ ಕಾಲೇಜಿಗೆ ಹೋಗುತ್ತಿದ್ದಾಳೆ. ಎರಡೇ ತಲೆಮಾರಿನಲ್ಲಿ ಒಂದು ಜನದ ವಂಶವಾಹಿ ಬದಲಾಗುವುದಿಲ್ಲ. ಊರಿಗೆ ಶಾಲೆ ಬಂತು, ಬಾಗಿಲು ತೆರೆಯಿತು, ಅಷ್ಟೆ. ಜಾತಿಗೂ ಬುದ್ಧಿಗೂ ಗಂಟು ಹಾಕುವವರು ಯಾರೇ ಆಗಲಿ, ಎದುರು ನಿಂತು ತಪ್ಪೆಂದು ಹೇಳಿ.

ಮನೆಯಲ್ಲಿ ಯಾರಾದರೂ ಮಂಕಾಗಿ ಕೂತರೆ, ಒಬ್ಬರೇ ಮಾತಾಡಿಕೊಳ್ಳುತ್ತಿದ್ದರೆ, ವಂಶದ ಹೆಸರು ಕೆಡುತ್ತದೆಂದು ಬಚ್ಚಿಡಬೇಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ದುಡ್ಡಿಲ್ಲದೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಾಡಿ.