ಮೆಷಿನ್ ನಿಂತರೆ ಜಗಳ ಬೇಡ, ಅಕ್ಷರ ಓದೋಣ



ಕಳೆದ ಮಳೆಗಾಲದಲ್ಲಿ ಒಂದು ಭಾನುವಾರ ನಮ್ಮ ಸಂಘವೊಂದರ ಸಭೆಗೆ ಹೋಗಿದ್ದೆವು. ಉಳಿತಾಯ ಕಟ್ಟಿ ಆಯಿತು, ಸಾಲದ ಕಂತು ಪುಸ್ತಕಕ್ಕೆ ಬರೆದಾಯಿತು, ಆದರೂ ಯಾರ ಮುಖದಲ್ಲೂ ಗೆಲುವಿಲ್ಲ. ವಿಷಯ ಏನಪ್ಪಾ ಅಂದ್ರೆ, ಆ ಸಂಘದ ಆರು ಮಂದಿ ಸೇರಿ ಸಾಲ ಪಡೆದು ಒಂದು ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ತೆಗೆದುಕೊಂಡಿದ್ದರು. ಹತ್ತಿರದ ಹಾಸ್ಟೆಲ್‌ನ ಬೆಡ್‌ಶೀಟು ಒಗೆದು ಕೊಡುವ ಕೆಲಸ. ಹಿಂದಿನ ದಿನ ಸಂಜೆ ಮೆಷಿನ್ ಅರ್ಧದಲ್ಲೇ ನಿಂತಿದೆ. ಒಳಗೆ ನೀರು ಹಾಗೇ ಇದೆ, ಬಾಗಿಲು ತೆರೆಯುತ್ತಿಲ್ಲ, ಎಂಟು ಬೆಡ್‌ಶೀಟು ಒಳಗೇ ನೆನೆಯುತ್ತಿವೆ. ಪುಟ್ಟ ಪರದೆಯ ಮೇಲೆ ಎರಡು ಅಕ್ಷರ ಮಿಣುಕ್ತಾ ಇದೆ. ರಿಪೇರಿಯವರೊಬ್ಬರು ಬಂದು, ಬಗ್ಗಿ ಸಹ ನೋಡದೆ, "ಬೋರ್ಡ್ ಹೋಗಿದೆ, ಆರು ಸಾವಿರ ಆಗುತ್ತೆ" ಅಂದು ಹೋಗಿದ್ದಾರೆ.

ಆಮೇಲೆ ಶುರುವಾಯಿತು ಮಾತು. ಶನಿವಾರದ ಸರದಿ ಯಾರದು? ಕೊನೇ ಸಲ ಬಟ್ಟೆ ಹಾಕಿದ್ದು ಯಾರು? "ಹಾಳು ಮಾಡಿದೋರೇ ಕಟ್ಲಿ, ನಾವ್ಯಾಕೆ ಕಟ್ಬೇಕು?" ಸರದಿಯಲ್ಲಿದ್ದ ಸದಸ್ಯೆ ಗೋಡೆಗೆ ಒರಗಿ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆರು ಸಾವಿರ ಅಂದರೆ ಅವರ ಎಷ್ಟು ತಿಂಗಳ ಉಳಿತಾಯ, ನೀವೇ ಲೆಕ್ಕ ಹಾಕಿ.

ಸಭೆ ಮುಗಿದ ಮೇಲೆ ನಾವೆಲ್ಲ ಒಟ್ಟಿಗೆ ಹೋದೆವು. ಮೆಷಿನ್ ಜೊತೆ ಬಂದ ಪುಸ್ತಕ ಅಟ್ಟದ ಮೇಲೆ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದ ಹಾಗೇ ಇತ್ತು. ಆ ಎರಡು ಅಕ್ಷರಕ್ಕೆ ಪುಸ್ತಕ ಕೊಟ್ಟ ಅರ್ಥ ಇಷ್ಟೇ: ನೀರು ಹೊರಗೆ ಹೋಗುತ್ತಿಲ್ಲ. ಕೆಳಗಿನ ಫಿಲ್ಟರ್ ಬಿಚ್ಚಿದರೆ ಒಳಗಿದ್ದದ್ದು ಎರಡು ರೂಪಾಯಿಯ ಒಂದು ನಾಣ್ಯ, ಮೂರು ಬ್ಲೌಸ್ ಹುಕ್ಕು, ಮುಷ್ಟಿಯಷ್ಟು ನೂಲಿನ ಗಂಟು. ಬೋರ್ಡಿಗೆ ಏನೂ ಆಗಿರಲಿಲ್ಲ. ಅದಕ್ಕೇ ಈ ತಿಂಗಳ ಪಾಠ ಈ ಅಕ್ಷರಗಳ ಮೇಲೆ.

ಕೋಡ್ ಅಂದ್ರೆ ಏನು?

ಮೆಷಿನ್ ಒಳಗೆ ನೀರು ಎಷ್ಟು ಬಂತು, ಬಾಗಿಲು ಸರಿಯಾಗಿ ಮುಚ್ಚಿದೆಯಾ, ಡ್ರಮ್ ತಿರುಗುತ್ತಿದೆಯಾ ಎಂದು ನೋಡುತ್ತಾ ಇರುವ ಸಣ್ಣ ಸಣ್ಣ ಸೆನ್ಸರ್‌ಗಳಿವೆ. ಇಷ್ಟು ನಿಮಿಷದೊಳಗೆ ನೀರು ತುಂಬಬೇಕು, ಇಷ್ಟು ನಿಮಿಷದಲ್ಲಿ ಖಾಲಿಯಾಗಬೇಕು ಎಂದು ಲೆಕ್ಕ ಇಟ್ಟಿರುತ್ತಾರೆ. ಆ ಲೆಕ್ಕ ತಪ್ಪಿದರೆ ಮೆಷಿನ್ ಕೆಲಸ ನಿಲ್ಲಿಸಿ ಒಂದು ಗುರುತು ತೋರಿಸುತ್ತದೆ. ಇದನ್ನೇ ಎರರ್ ಕೋಡ್ ಅನ್ನೋದು. ಮುಖ್ಯವಾಗಿ ತಿಳಿಯಬೇಕಾದ್ದು ಇದು: ಕೆಲಸ ಎಲ್ಲಿ ತಡೆಯಿತು ಎಂದು ಕೋಡ್ ಹೇಳುತ್ತದೆ, ಯಾವ ಭಾಗ ಸುಟ್ಟಿದೆ ಎಂದು ಹೇಳುವುದಿಲ್ಲ. ಮಗು ಹೊಟ್ಟೆ ಮುಟ್ಟಿಕೊಂಡು ಅಳುತ್ತಿದ್ದರೆ ನೋವು ಎಲ್ಲಿ ಅಂತ ಗೊತ್ತಾಗುತ್ತೆ, ಕಾಯಿಲೆ ಏನು ಅಂತ ನಾವೇ ನೋಡಬೇಕಲ್ವಾ, ಹಾಗೆ.

ಎರಡು ಡಬ್ಬಿಯ ಸೆಮಿ ಆಟೋಮ್ಯಾಟಿಕ್ ಮೆಷಿನ್ ಇರುವವರಿಗೆ ಸಾಮಾನ್ಯವಾಗಿ ಈ ಕೋಡ್ ಬರುವುದಿಲ್ಲ. ಆದರೂ ಮುಂದಿನ ಮಾತುಗಳನ್ನು ಓದಿ, ನೀರಿನ ತೊಂದರೆ ಎಲ್ಲರಿಗೂ ಒಂದೇ.

ಮೆಷಿನ್ ಮೇಲೆ ಇಂಗ್ಲಿಷ್ ಅಕ್ಷರ ಬರುತ್ತದೆ, ಇಲ್ಲಿ ಅದನ್ನು ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇವೆ. ಎಲ್‌ಜಿ ಮೆಷಿನ್‌ನಲ್ಲಿ ಐಇ ಎಂದು ಬಂದರೆ ನೀರು ಒಳಗೆ ಬರುತ್ತಿಲ್ಲ, ಓಇ ಎಂದು ಬಂದರೆ ನೀರು ಹೊರಗೆ ಹೋಗುತ್ತಿಲ್ಲ. ಇನ್ ಮತ್ತು ಔಟ್ ಎಂದು ನೆನಪಿಟ್ಟುಕೊಳ್ಳಿ. ಓ ಅಕ್ಷರ ಪರದೆಯಲ್ಲಿ ಸೊನ್ನೆಯ ಹಾಗೇ ಕಾಣುತ್ತದೆ. ಯುಇ ಅಂದರೆ ಬಟ್ಟೆ ಒಂದೇ ಕಡೆ ಭಾರ ಬಿದ್ದಿದೆ, ಡಿಇ ಅಂದರೆ ಬಾಗಿಲು. ಸ್ಯಾಮ್‌ಸಂಗ್‌ನಲ್ಲಿ ನೀರು ಬರದಿದ್ದರೆ 4ಇ ಅಥವಾ 4ಸಿ, ಹೋಗದಿದ್ದರೆ 5ಇ ಅಥವಾ 5ಸಿ. ಈ 5 ಇಂಗ್ಲಿಷ್‌ನ ಎಸ್ ತರಹ ಕಾಣುವುದರಿಂದ ಫೋನಿನಲ್ಲಿ "ಎಸ್ಇ ಬಂದಿದೆ" ಎಂದು ಹೇಳಿ ಗೊಂದಲ ಮಾಡಿಕೊಳ್ಳುವವರಿದ್ದಾರೆ. ಬಾಷ್‌ನ ಹಲವು ಮೆಷಿನ್‌ಗಳಲ್ಲಿ ನೀರು ಬರದಿದ್ದರೆ ಇ17, ಹೋಗದಿದ್ದರೆ ಇ18.

ಒಂದು ಕಂಪನಿಯ ಅರ್ಥವನ್ನು ಇನ್ನೊಂದಕ್ಕೆ ಹಾಕಬೇಡಿ. ಎಲ್‌ಇ ಎಂಬ ಅಕ್ಷರ ಎಲ್‌ಜಿಯಲ್ಲಿ ಬಂದರೆ ಮೋಟಾರ್ ತಿರುಗಲು ಆಗುತ್ತಿಲ್ಲ ಎಂದು, ಹೆಚ್ಚಾಗಿ ಬಟ್ಟೆ ಜಾಸ್ತಿ ತುರುಕಿದಾಗ ಹೀಗಾಗುತ್ತದೆ. ಅದೇ ಅಕ್ಷರ ಸ್ಯಾಮ್‌ಸಂಗ್‌ನ ಹಲವು ಮೆಷಿನ್‌ಗಳಲ್ಲಿ ನೀರು ಸೋರುತ್ತಿದೆ ಎಂದು! ಆದ್ದರಿಂದ ಪಕ್ಕದ ಮನೆಯವರ ಮಾತಿಗಿಂತ ನಿಮ್ಮ ಮೆಷಿನ್‌ನ ಪುಸ್ತಕವೇ ಮೇಲು. ಇನ್ನು ಎಲ್‌ಜಿಯ ಸಿಎಲ್ ಎಂಬುದು ತೊಂದರೆಯೇ ಅಲ್ಲ, ಮಕ್ಕಳು ಒತ್ತದಂತೆ ಹಾಕುವ ಚೈಲ್ಡ್ ಲಾಕ್. ಆ ಗುಂಡಿಯನ್ನು ಮೂರು ಸೆಕೆಂಡ್ ಒತ್ತಿ ಹಿಡಿದರೆ ಬಿಡುತ್ತದೆ. ಇದಕ್ಕೂ ಮೆಕ್ಯಾನಿಕ್ ಕರೆಸಿ ದುಡ್ಡು ಕೊಟ್ಟವರನ್ನು ನಾವು ಬಲ್ಲೆವು.

ನೀರು ಬರುತ್ತಿಲ್ಲ ಎಂದರೆ

ಮೊದಲು ನಲ್ಲಿ ತೆರೆದಿದೆಯಾ, ಟ್ಯಾಂಕಿಯಲ್ಲಿ ನೀರಿದೆಯಾ ನೋಡಿ. ನಗಬೇಡಿ, ಅರ್ಧ ತೊಂದರೆ ಇಲ್ಲೇ ಇರುತ್ತೆ. ಆಮೇಲೆ ನಲ್ಲಿ ಬಂದ್ ಮಾಡಿ, ಪ್ಲಗ್ ತೆಗೆದು, ಮೆಷಿನ್ ಹಿಂದಿನ ಪೈಪನ್ನು ಕೈಯಿಂದಲೇ ತಿರುಗಿಸಿ ಬಿಚ್ಚಿ. ಪೈಪು ಸೇರುವ ಜಾಗದಲ್ಲಿ ಒಂದು ಸಣ್ಣ ಜಾಲರಿ ಇರುತ್ತದೆ. ಬಾವಿ ಅಥವಾ ಬೋರ್‌ವೆಲ್ ನೀರಿನವರ ಮನೆಯಲ್ಲಿ, ಮೊದಲ ಮಳೆಯ ನಂತರ, ಇದರಲ್ಲಿ ಕೆಮ್ಮಣ್ಣು ಕಟ್ಟಿಕೊಂಡಿರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೊಳೆದು ಮತ್ತೆ ಹಾಕಿ. ಜಾಲರಿ ಎಸೆದು ಬಿಡುವುದು ಬೇಡ, ಮಣ್ಣು ಒಳಗಿನ ವಾಲ್ವಿಗೆ ಹೋದರೆ ಖರ್ಚು ದೊಡ್ಡದು.

ಜಾಲರಿ ಶುದ್ಧವಾಗಿದ್ದೂ ಅದೇ ಕೋಡ್ ಬರುತ್ತಿದ್ದರೆ ಟ್ಯಾಂಕಿಯ ಎತ್ತರ ನೋಡಿ. ಟ್ಯಾಂಕಿ 10 ಮೀಟರ್ ಎತ್ತರದಲ್ಲಿದ್ದರೆ ಕೆಳಗಿನ ನಲ್ಲಿಯಲ್ಲಿ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ಅನೇಕ ಮೆಷಿನ್‌ಗಳ ಪುಸ್ತಕದಲ್ಲಿ ಕನಿಷ್ಠ 0.3ರಿಂದ 0.5 ಬಾರ್ ಬೇಕು ಎಂದಿರುತ್ತದೆ, ಅಂದ್ರೆ ಮೂರರಿಂದ ಐದು ಮೀಟರ್ ಎತ್ತರ. ನಮ್ಮ ಒಂದೇ ಅಂತಸ್ತಿನ ಮನೆಗಳಲ್ಲಿ ಟ್ಯಾಂಕಿ ಅಡುಗೆಮನೆ ಮೇಲೆ ಕುಳಿತಿರುತ್ತದೆ, ಮೆಷಿನ್‌ಗೂ ಅದಕ್ಕೂ ಎರಡೂವರೆ ಮೀಟರ್ ಸಹ ಇರೋದಿಲ್ಲ. ಬಕೆಟ್ಟಿಗೆ ನೀರು ಚೆನ್ನಾಗಿಯೇ ಬೀಳುತ್ತೆ, ಮೆಷಿನ್‌ಗೆ ಮಾತ್ರ ಸಾಲೋದಿಲ್ಲ. ಮೆಷಿನ್ ಹಾಳಾಗಿಲ್ಲ, ಟ್ಯಾಂಕಿ ತಗ್ಗಿನಲ್ಲಿದೆ. ಸ್ಟ್ಯಾಂಡ್ ಎತ್ತರಿಸುವುದು, ಬಾಗು ತಿರುವು ಕಡಿಮೆ ಇರುವ ನೇರ ಪೈಪು ಎಳೆಸುವುದು, ಆಗದಿದ್ದರೆ ಸಣ್ಣ ಪ್ರೆಷರ್ ಪಂಪು, ಇವು ದಾರಿಗಳು. ಮೆಷಿನ್‌ಗೆ ಸಾಲ ಕೇಳುವ ಸದಸ್ಯೆಯ ಮನೆಯ ಟ್ಯಾಂಕಿಯನ್ನೂ ಸಂಘದವರು ಒಮ್ಮೆ ನೋಡಿ ಬರುವುದು ಒಳ್ಳೆಯದು ಅಂತ ನಮ್ಮ ಅಭಿಪ್ರಾಯ.

ನೀರು ಹೋಗುತ್ತಿಲ್ಲ ಎಂದರೆ

ಫ್ರಂಟ್ ಲೋಡ್ ಮೆಷಿನ್‌ನ ಮುಂದೆ, ಕೆಳ ಮೂಲೆಯಲ್ಲಿ ಒಂದು ಚಿಕ್ಕ ಮುಚ್ಚಳ ಇರುತ್ತದೆ. ಪ್ಲಗ್ ತೆಗೆಯಿರಿ, ನಲ್ಲಿ ಬಂದ್ ಮಾಡಿ. ಬಿಸಿ ನೀರಿನ ಒಗೆತ ಆಗಿದ್ದರೆ ಆರುವ ತನಕ ಕಾಯಿರಿ, ಅವಸರ ಮಾಡಿ ಕಾಲು ಸುಟ್ಟುಕೊಳ್ಳಬೇಡಿ. ಮುಚ್ಚಳದೊಳಗೆ ಸಣ್ಣ ರಬ್ಬರ್ ಕೊಳವೆ ಇದ್ದರೆ ಅದರ ಬಿರಡೆ ತೆಗೆದು ಅಗಲವಾದ ತಟ್ಟೆಗೆ ನೀರು ಬಿಡಿ. ಹತ್ತಾರು ಲೀಟರ್ ಬರಬಹುದು, ತಟ್ಟೆ ತುಂಬಿದ ಹಾಗೆ ಬಿರಡೆ ಹಾಕಿ ಚೆಲ್ಲುತ್ತಾ ಹೋಗಬೇಕು. ನೀರು ನಿಂತ ಮೇಲೆ ಫಿಲ್ಟರನ್ನು ನಿಧಾನವಾಗಿ ತಿರುಗಿಸಿ ಹೊರಗೆಳೆಯಿರಿ, ತೊಳೆಯಿರಿ. ಒಳಗೆ ಪಂಪಿನ ಚಕ್ರ ಕಾಣುತ್ತದೆ, ಅದಕ್ಕೆ ಕೂದಲು, ನೂಲು ಸುತ್ತಿದ್ದರೆ ಬಿಡಿಸಿ. ಪಿನ್ನು, ಹುಕ್ಕು ಚುಚ್ಚೀತು, ನೋಡಿಕೊಂಡು ಕೈ ಹಾಕಿ. ಫಿಲ್ಟರ್ ವಾಪಸ್ ಬಿಗಿಯಾಗಿ ಕೂತಿರಬೇಕು, ಇಲ್ಲದಿದ್ದರೆ ಮುಂದಿನ ಒಗೆತದ ನೀರೆಲ್ಲ ನೆಲಕ್ಕೆ.

ಹೊರಗೆ ಹೋಗುವ ಪೈಪು ಮಡಚಿಕೊಂಡಿದ್ದರೂ ಇದೇ ಕೋಡ್ ಬರುತ್ತದೆ. ಫ್ರಂಟ್ ಲೋಡ್‌ನಲ್ಲಿ ಪಂಪು ನೀರನ್ನು ಮೇಲಕ್ಕೆ ತಳ್ಳುವುದರಿಂದ ಪೈಪಿನ ತುದಿ ನೆಲದಿಂದ ಸುಮಾರು ಎರಡರಿಂದ ಮೂರು ಅಡಿ ಎತ್ತರದಲ್ಲಿರಬೇಕು. ಮೇಲಿನಿಂದ ಬಟ್ಟೆ ಹಾಕುವ ಹೆಚ್ಚಿನ ಟಾಪ್ ಲೋಡ್ ಮೆಷಿನ್‌ಗಳಲ್ಲಿ ಪಂಪು ಇರುವುದಿಲ್ಲ, ನೀರು ತಾನಾಗಿ ಇಳಿಯಬೇಕು. ಅದರ ಪೈಪನ್ನು ಎತ್ತಿ ಕಟ್ಟಿದರೆ ನೀರು ನಿಂತೇ ಹೋಗುತ್ತದೆ.

ಕೈ ಒಗೆತದ ಪೌಡರ್ ಮೆಷಿನ್‌ಗೆ ಹಾಕುವ ಅಭ್ಯಾಸ ಬಿಡಿ. ನೊರೆ ಹೆಚ್ಚಾಗಿ ಪಂಪು ನೀರಿನ ಬದಲು ನೊರೆಯನ್ನೇ ಎಳೆಯುತ್ತದೆ. ಇನ್ನು ಯುಇ ಬಂದರೆ ಒಂಟಿ ಜಮಖಾನ ಹಾಕಿರುತ್ತೀರಿ, ಅಥವಾ ಸೀರೆಗಳು ಹಗ್ಗದ ಹಾಗೆ ಸುತ್ತಿಕೊಂಡಿರುತ್ತವೆ. ಬಿಡಿಸಿ ಹರಡಿ ಹಾಕಿ, ನಾಲ್ಕು ಕಾಲೂ ನೆಲಕ್ಕೆ ಸಮ ಕೂತಿದೆಯಾ ನೋಡಿ, ಅಷ್ಟೇ.

ಎಲ್ಲಿ ಕೈ ಹಾಕಬಾರದು?

ಇಲ್ಲಿ ಮಾತ್ರ ನಾವು ಕಟ್ಟುನಿಟ್ಟಾಗಿ ಹೇಳುತ್ತೇವೆ. ಮೆಷಿನ್‌ನ ಹಿಂದಿನ ತಗಡು ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಬೋರ್ಡಿನಲ್ಲಿ ಸ್ವಲ್ಪ ಹೊತ್ತು ಕರೆಂಟು ಉಳಿದಿರಬಹುದು. ನೆಲದಲ್ಲಿ ನೀರು ನಿಂತಿದ್ದರೆ ಪ್ಲಗ್ ಮುಟ್ಟುವ ಮೊದಲು ಮನೆಯ ಮೈನ್ ಸ್ವಿಚ್ ಆರಿಸಿ. ಎಲ್‌ಜಿಯಲ್ಲಿ ಎಫ್‌ಇ ಬಂದರೆ ನೀರು ತುಂಬುವುದು ನಿಲ್ಲುತ್ತಿಲ್ಲ ಎಂದು ಅರ್ಥ, ಓಡಿ ಹೋಗಿ ಮೊದಲು ನಲ್ಲಿ ಬಂದ್ ಮಾಡಿ. ಮೆಷಿನ್ ಆರಿಸಿದರೂ ಕೆಟ್ಟ ವಾಲ್ವಿನಿಂದ ನೀರು ಬರುತ್ತಲೇ ಇರಬಹುದು. ಬಾಗಿಲು ತೆರೆಯದಿದ್ದರೆ ಚಾಕು, ಸ್ಕ್ರೂಡ್ರೈವರ್ ತರಬೇಡಿ. ನೀರು ಖಾಲಿ ಮಾಡಿ ಕೆಲವು ನಿಮಿಷ ಕಾಯಿರಿ.

ಮೆಷಿನ್ ಮುಟ್ಟಿದಾಗ ಕೈ ಜುಮ್ ಅಂದರೆ ಅಂದಿಗೆ ಒಗೆತ ನಿಲ್ಲಿಸಿ. "ಸ್ವಲ್ಪ ಜುಮ್ ಅನ್ನುತ್ತೆ, ಚಪ್ಪಲಿ ಹಾಕ್ಕೊಂಡು ಒಗೀತೀವಿ" ಎಂದು ಹೇಳಿದ ಅಕ್ಕಂದಿರಿದ್ದಾರೆ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಒದ್ದೆ ಕೈ, ಒದ್ದೆ ನೆಲ ಎಂದರೆ ಜೀವಕ್ಕೇ ಅಪಾಯ. ಎಲೆಕ್ಟ್ರಿಷಿಯನ್ ಬಂದು ನೋಡುವ ತನಕ ಕಲ್ಲಿನ ಮೇಲೆ ಒಗೆದರೂ ಅಡ್ಡಿಯಿಲ್ಲ. ನೀರು ಕಾಯಿಸುವ ಮೆಷಿನ್ 2000 ವಾಟ್‌ನಷ್ಟು ಕರೆಂಟು ಎಳೆಯುತ್ತದೆ. ಅದಕ್ಕೆ ದೊಡ್ಡ ಮೂರು ಪಿನ್ನಿನ 16 ಆಂಪಿಯರ್ ಸಾಕೆಟ್ಟೇ ಬೇಕು, ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ಇಲಿ ಕಾಟ ಇದ್ದರೆ ಮೆಷಿನ್‌ನ ತಳ ಆಗಾಗ ನೋಡಿ, ವೈರು ಕಡಿದ ಮೆಷಿನ್‌ಗಳು ಎಷ್ಟೋ.

ಮೆಕ್ಯಾನಿಕ್ ಕರೆಯಲೇಬೇಕಾದಾಗ ಪ್ಲಗ್ ತೆಗೆಯುವ ಮೊದಲು ಕೋಡ್‌ನ ಫೋಟೋ ತೆಗೆದಿಟ್ಟುಕೊಳ್ಳಿ, ಆರಿಸಿದ ಮೇಲೆ ಅದು ಕಾಣಿಸದೇ ಹೋಗಬಹುದು. ವಾರಂಟಿ ಕಾರ್ಡ್ ನೋಡಿ. "ಯಾವ ಭಾಗ ಹೋಗಿದೆ, ಹೇಗೆ ಗೊತ್ತಾಯಿತು?" ಎಂದು ಕೇಳಲು ನಾಚಿಕೆ ಬೇಡ. ಬದಲಿಸಿದರೆ ಹಳೆಯ ಭಾಗ ಮತ್ತು ಬಿಲ್ಲು ಕೇಳಿ ಪಡೆಯಿರಿ. ಮೋಸ ಎನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಆ ಸಂಘದವರು ಈಗ ಮೆಷಿನ್ ಪಕ್ಕ ಮೊಳೆಗೆ ಒಂದು ನೋಟ್‌ಬುಕ್ ತೂಗುಹಾಕಿದ್ದಾರೆ. ತಾರೀಖು, ಸರದಿ ಯಾರದು, ಎಷ್ಟು ಬಟ್ಟೆ, ಕೋಡ್ ಬಂತಾ, ಏನು ಮಾಡಿದೆವು, ಇಷ್ಟು ಬರೆಯುತ್ತಾರೆ. ಜೇಬು ತಡಕಿ ನೋಡುವುದೂ ಸರದಿಯವರ ಕೆಲಸ. ಆ ಎರಡು ರೂಪಾಯಿ ನಾಣ್ಯವನ್ನು ಸಂಘದ ಉಳಿತಾಯಕ್ಕೆ ಜಮಾ ಮಾಡಿದ್ದಾರಂತೆ. ಅಂದು ಅಳುತ್ತಿದ್ದ ಸದಸ್ಯೆಯೇ ಈಗ ತಿಂಗಳಿಗೊಮ್ಮೆ ಫಿಲ್ಟರ್ ತೊಳೆಯುವುದನ್ನು ಬೇರೆಯವರಿಗೆ ಹೇಳಿಕೊಡುತ್ತಿದ್ದಾರೆ.

ಸಭೆಯಲ್ಲಿ ಮಾತಾಡಿ:

ನಿಮ್ಮ ಮನೆಯ ಟ್ಯಾಂಕಿಯ ತಳಕ್ಕೂ ಮೆಷಿನ್‌ಗೂ ಎಷ್ಟು ಅಡಿ ಎತ್ತರ ಇದೆ? ಅಳೆದು ಬನ್ನಿ.

ಸಂಘದ ವಸ್ತು ಕೆಟ್ಟರೆ ಖರ್ಚು ಯಾರದು ಎಂದು ನಿಮ್ಮ ನಡವಳಿ ಪುಸ್ತಕದಲ್ಲಿ ಬರೆದಿದೆಯೇ? ಇಲ್ಲದಿದ್ದರೆ ಈ ತಿಂಗಳೇ ಬರೆದು ಎಲ್ಲರೂ ಸಹಿ ಹಾಕಿ.